ಗುಮಾನಿಯ ಸಿಡಿ

ಅಂಗಡಿಯ ಬಾಗಿಲಿಗೆ ಎರಡು ಬೀಗ ಹಾಕಿ, ನಾಲ್ಕು ಹೆಜ್ಜೆ ನಡೆದು, ಮತ್ತೆ ವಾಪಸ್ ಬಂದು ಎರಡನ್ನೂ ಎಳೆದು ನೋಡುವ ಮನುಷ್ಯನಿಗೆ ಜನ ಅಡ್ಡಹೆಸರು ಇಡದೆ ಬಿಡುತ್ತಾರೆಯೇ? ಕಂಪ್ಯೂಟರ್ ರಿಪೇರಿ ಅಂಗಡಿಯ ಯಜಮಾನನಿಗೆ ಆ ಕಟ್ಟಡದವರೆಲ್ಲ ಸೇರಿ ಇಟ್ಟ ಹೆಸರು ಗುಮಾನಿ. ಎದುರಿಗೆ ಸಾರ್, ಬೆನ್ನ ಹಿಂದೆ ಗುಮಾನಿ. ಅದು ಅವನಿಗೂ ಗೊತ್ತಿತ್ತು. ಹಾಗಾಗಿ ಇಬ್ಬರು ಎಲ್ಲಾದರೂ ಮೆಲ್ಲಗೆ ಮಾತಾಡುತ್ತಿದ್ದರೆ ತನ್ನದೇ ಸುದ್ದಿ ಎಂದು ಅವನಿಗೆ ಖಾತ್ರಿಯಾಗುತ್ತಿತ್ತು. ಹತ್ತರಲ್ಲಿ ಒಂಬತ್ತು ಸಲ ಅದು ನಿಜವೂ ಆಗಿರುತ್ತಿತ್ತು ಅನ್ನಿ.

ಅಂಗಡಿ ಇದ್ದದ್ದು ನೆಲಮಾಳಿಗೆಯಲ್ಲಿ. ಬೆಳಕಿಗೆಂದು ಇದ್ದ ಒಂದೇ ಕಿಟಕಿ ಮೇಲಿನ ರಸ್ತೆಯ ಮಟ್ಟಕ್ಕಿತ್ತು, ಅದರಲ್ಲಿ ಹೋಗಿ ಬರುವವರ ಪಾದಗಳಷ್ಟೇ ಕಾಣುತ್ತಿದ್ದವು. ಗುಮಾನಿ ಗಿರಾಕಿಗಳನ್ನು ಚಪ್ಪಲಿಯಿಂದಲೇ ಗುರುತಿಸುತ್ತಿದ್ದ. ಅಂಗಡಿಯಲ್ಲಿ ಅವನ ಜೊತೆ ಕೆಲಸ ಮಾಡುತ್ತಿದ್ದದ್ದು ಹೆಂಡತಿಯ ತಮ್ಮ. ಮಾತಿನಲ್ಲಿ ಮೆದು, ಕೈಯಲ್ಲಿ ಚುರುಕು, ಗಿರಾಕಿಗಳಿಗೆಲ್ಲ ಬೇಕಾದವನು. ಇಷ್ಟು ಒಳ್ಳೆಯತನ ಒಬ್ಬನಲ್ಲೇ ಇದ್ದರೆ ಏನೋ ಇದೆ ಎಂದು ಗುಮಾನಿಗೆ ಮೊದಲಿನಿಂದಲೂ ಅನಿಸುತ್ತಿತ್ತು.

ಅಂಗಡಿಯಲ್ಲಿ ಗುಮಾನಿ ಪ್ರಾಣದಂತೆ ಕಾಪಾಡುತ್ತಿದ್ದ ವಸ್ತು ಒಂದು ಸಿಡಿ. ಕೆಟ್ಟ ಮಷಿನ್‌ಗೆ ಹೊಸದಾಗಿ ಓಎಸ್, ಅಂದರೆ ಅದನ್ನು ನಡೆಸುವ ಮೂಲ ತಂತ್ರಾಂಶ, ಹಾಕುವ ಸಿಡಿ ಯಾರ ಹತ್ತಿರವೂ ಸಿಗುತ್ತದೆ. ಆದರೆ ಈಚೆಗೆ ಬರುವ ಮಷಿನ್‌ಗಳಲ್ಲಿ ಹಾರ್ಡ್ ಡಿಸ್ಕನ್ನು ಆಳುವ ಕಂಟ್ರೋಲರ್ ಹೊಸ ಬಗೆಯದು, ಸಾಮಾನ್ಯ ಸಿಡಿಗೆ ಅದರ ಪರಿಚಯವಿಲ್ಲ. ಓಎಸ್ ಎಲ್ಲಿ ಹಾಕಲಿ ಎಂದು ಕೇಳುವ ಹೊತ್ತಿಗೆ ಪರದೆ ಖಾಲಿ. ಹಾರ್ಡ್ ಡಿಸ್ಕ್ ಮೂಗಿನ ಕೆಳಗೇ ಗುಂಯ್ ಎನ್ನುತ್ತಿದ್ದರೂ ಇಲ್ಲಿ ಯಾವ ಡಿಸ್ಕೂ ಇಲ್ಲ ಎಂದುಬಿಡುತ್ತದೆ. ಪರಿಚಯ ಮಾಡಿಕೊಡಲು ಡ್ರೈವರ್ ಎಂಬ ಪುಟ್ಟ ಫೈಲುಗಳಿವೆ. ಅವನ್ನು ಮೊದಲೇ ಸಿಡಿಯೊಳಗೆ ಸೇರಿಸಿಟ್ಟರೆ ಈ ತಾಪತ್ರಯವಿಲ್ಲ. ಗುಮಾನಿ ಮಾಡಿಕೊಂಡಿದ್ದ ಸಿಡಿ ಅಂಥದ್ದು. ಹೊಸ ಬಗೆಯ ಮಷಿನ್ ಬಂದಾಗಲೆಲ್ಲ ಅದರ ಡ್ರೈವರ್ ಸೇರಿಸಿ ಹೊಸ ಸಿಡಿ ಬರ್ನ್ ಮಾಡಿ, ಮೇಲೆ ತನ್ನ ಕೈಬರಹದಲ್ಲಿ ‘ಎಲ್ಲಾ ಮಷಿನ್’ ಎಂದು ಬರೆಯುತ್ತಿದ್ದ.

ಸೇರಿಸಬೇಕಾದದ್ದು ಎರಡು ಕಡೆ. ಓಎಸ್ ಹಾಕುವ ಕೆಲಸ ಮಾಡುವ ಭಾಗದಲ್ಲಿ ಒಮ್ಮೆ, ಹಾರ್ಡ್ ಡಿಸ್ಕಿಗೆ ಹೋಗಿ ಕೂರುವ ಓಎಸ್‌ನೊಳಗೆ ಇನ್ನೊಮ್ಮೆ. ಮನೆ ಕಟ್ಟುವ ಮೇಸ್ತ್ರಿಗೂ ಕೀ ಕೊಡಬೇಕು, ವಾಸಕ್ಕೆ ಬರುವವನಿಗೂ ಕೊಡಬೇಕು. ಮೇಸ್ತ್ರಿಗೆ ಮಾತ್ರ ಕೊಟ್ಟರೆ ಅವನು ಅಂದವಾಗಿ ಕಟ್ಟಿ ಹೋಗುತ್ತಾನೆ, ಮನೆಯವನು ತನ್ನದೇ ಬಾಗಿಲ ಹೊರಗೆ ನಿಲ್ಲುತ್ತಾನೆ. ಮಷಿನ್‌ನಲ್ಲಾದರೆ ಫೈಲುಗಳೆಲ್ಲ ಸಲೀಸಾಗಿ ನಕಲಾಗಿ, ಒಮ್ಮೆ ಆರಿ ಹತ್ತಿದ ಮೇಲೆ ನೀಲಿ ಪರದೆ ಬಂದು ಎಲ್ಲ ನಿಂತುಹೋಗುತ್ತದೆ.

ಸಿಡಿ ಹಾಕಿ ಶುರು ಮಾಡುವುದು ಗುಮಾನಿಯ ಕೆಲಸ. ಫೈಲುಗಳು ನಕಲಾಗತೊಡಗಿದರೆ ಅವನು ಊಟಕ್ಕೋ ಚಹಾಕ್ಕೋ ಎದ್ದುಬಿಡುತ್ತಿದ್ದ. ಮುಂದಿನದೆಲ್ಲ ಬರೀ ಕಾಯುವ ಕೆಲಸ, ಅದಕ್ಕೆ ಭಾವಮೈದ ಸಾಕು. ಮಷಿನ್ ಗಿರಾಕಿಗೆ ತಲುಪಿಸುವುದೂ ಅವನೇ. “ನನ್ನ ಸಿಡಿ ಕಂಡ ಮಷಿನ್ ಒಂದೂ ವಾಪಸ್ ಬಂದಿಲ್ಲ,” ಎಂದು ಗುಮಾನಿ ಕೇಳಿದವರಿಗೂ ಕೇಳದವರಿಗೂ ಹೇಳುತ್ತಿದ್ದ.

ಮೊದಲು ಅನುಮಾನ ಹುಟ್ಟಿದ್ದು ಸಿಡಿಯ ಕವರಿನಿಂದ. ಗುಮಾನಿ ಯಾವಾಗಲೂ ಬರಹ ಒಳಮುಖವಾಗಿ ಇಡುತ್ತಿದ್ದ. ಒಂದು ಬೆಳಿಗ್ಗೆ ಅದು ಹೊರಮುಖವಾಗಿತ್ತು. ಅಂಗಡಿ ಬಿಟ್ಟು ಸಿಡಿ ಹೊರಗೆ ಹೋಗಕೂಡದು ಎಂಬುದು ಅವನ ಕಟ್ಟಪ್ಪಣೆ. ಆ ವಾರವೇ ಕಿಟಕಿಯಲ್ಲಿ ಭಾವಮೈದನ ಚಪ್ಪಲಿ ಒಬ್ಬ ಗಿರಾಕಿಯ ಬೂಟುಗಳ ಎದುರು ತುಂಬಾ ಹೊತ್ತು ನಿಂತಿದ್ದವು. ಅಂಗಡಿಯೊಳಗೆ ಆಡಲಾಗದ ಮಾತು ರಸ್ತೆಯಲ್ಲಿ ಏನಿರುತ್ತದೆ? ಮೇಲಿನ ಮಹಡಿಯ ಟೈಲರ್ ಮೆಟ್ಟಿಲ ಮೇಲೆ ಸಿಕ್ಕಿ, “ನಿಮ್ಮ ಭಾವಮೈದ ನಮ್ಮನೆಗೇ ಬಂದು ಕಂಪ್ಯೂಟರ್ ಸರಿ ಮಾಡಿಕೊಟ್ರು ಸಾರ್, ಒಳ್ಳೇ ಹುಡುಗ,” ಎಂದ. ಗುಮಾನಿ ನಕ್ಕ. ತನ್ನ ಸಿಡಿ, ತನ್ನ ಗಿರಾಕಿ, ಲಾಭ ಇನ್ನೊಬ್ಬನಿಗೆ. ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ದೂರು ಕೊಡುವುದು?

ಇದೆಲ್ಲ ಒಕ್ಕರಿಸಿದ್ದು ಸರಿಯಾದ ಹೊತ್ತಿನಲ್ಲೇ. ಅಂಗಡಿಯ ಅರ್ಧ ಪಾಲನ್ನು ಭಾವಮೈದನ ಹೆಸರಿಗೆ ಬರೆಯುತ್ತೇನೆಂದು ಗುಮಾನಿ ಹೆಂಡತಿಗೆ ಮಾತು ಕೊಟ್ಟಿದ್ದ. ತಾಯಿಯಿಲ್ಲದ ತಮ್ಮನನ್ನು ಎತ್ತಿ ಆಡಿಸಿ ಬೆಳೆಸಿದವಳು ಅವಳು, ಅವನನ್ನು ಬಿಟ್ಟರೆ ತವರು ಎನ್ನುವುದಕ್ಕೆ ಅವಳಿಗೆ ಇನ್ಯಾರೂ ಇಲ್ಲ. ಅವನು ಕಳ್ಳನೆಂದಾದರೆ ಅರ್ಧ ಅಂಗಡಿಯಿರಲಿ, ಅರ್ಧ ಲೋಟ ಚಹಾ ಕೂಡ ಇಲ್ಲ, ಮೆಟ್ಟಿಲು ಹತ್ತಿಸಿ ಕಳಿಸುವುದೇ. ಆಮೇಲೆ ಮನೆಯಲ್ಲಿ ಹೆಂಡತಿಯ ಮುಖ ನೋಡುವುದು ಹೇಗೆ ಎಂಬುದು ಬೇರೆ ಮಾತು.

“ವಕೀಲರ ಹತ್ರ ಯಾವಾಗ ಹೋಗೋದು?” ಎಂದು ಅವಳು ತಿಂಡಿ ಬಡಿಸುತ್ತಾ ಕೇಳಿದಳು.

“ಹೋಗೋಣ.”

“ಈ ತಿಂಗಳೇ ಅಂದಿದ್ರಿ.”

“ತಿಂಗಳು ಇನ್ನೂ ಮುಗಿದಿಲ್ವಲ್ಲ.”

ಅವಳು ಅವನ ತಟ್ಟೆಗೆ ಇನ್ನೊಂದು ದೋಸೆ ಹಾಕಿದಳು. “ಹಾಗೇ ಒಂದ್ಸಲ ಡಾಕ್ಟರ ಹತ್ರಾನೂ ಹೋಗಿ ಬರೋಣ. ಸುಮ್ನೆ, ಒಂದು ಚೆಕಪ್.”

“ನನಗೇನಾಗಿದೆ?”

“ಏನೂ ಆಗಿಲ್ಲ ರೀ. ಅದಕ್ಕೇ ಸುಮ್ನೆ ಅಂದದ್ದು.”

ವಕೀಲ, ಡಾಕ್ಟರ್ ಇಬ್ಬರೂ ಒಂದೇ ಉಸಿರಿನಲ್ಲಿ ಬಂದರೆ ಯಾರಿಗೆ ತಾನೆ ಕಿವಿ ನೆಟ್ಟಗಾಗುವುದಿಲ್ಲ? ಅವನು ಕೈ ತೊಳೆಯಲು ಹೋದಾಗ ಅಡುಗೆಮನೆಯಲ್ಲಿ ಮಿಕ್ಸಿ ಕೂಗುತ್ತಿತ್ತು. ಇಣುಕಿದರೆ ಹೆಂಡತಿ ಫೋನಿನಲ್ಲಿದ್ದಳು. ಮಿಕ್ಸಿಯ ಜಾರಿನಲ್ಲಿ ಏನೂ ಇರಲಿಲ್ಲ. ಖಾಲಿ ಮಿಕ್ಸಿ ಹಾಕಿಕೊಂಡು ತಮ್ಮನಿಗೆ ಫೋನ್ ಮಾಡುವವರನ್ನು ಗುಮಾನಿ ಅಲ್ಲಿಯವರೆಗೆ ಕಂಡಿರಲಿಲ್ಲ.

ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಅಂಗಡಿಗೆ ರಜೆಯಿದ್ದ ದಿನ ಕ್ಷೌರಕ್ಕೆ ಹೋಗುತ್ತೇನೆಂದು ಹೇಳಿ ಗುಮಾನಿ ಒಬ್ಬನೇ ಅಂಗಡಿಗೆ ಬಂದು ಬಾಗಿಲು ಹಾಕಿಕೊಂಡ. ಇದ್ದ ಸಿಡಿಯಿಂದ ಕಿತ್ತುಹಾಕುವ ರಗಳೆಗಿಂತ ಹೊಸದಾಗಿ ಕಟ್ಟುವುದೇ ಸುಲಭ. ಹೊಸ ಕಂಟ್ರೋಲರ್‌ನ ಡ್ರೈವರನ್ನು ಮೊದಲ ಕಡೆ ಸೇರಿಸಿದ, ಎರಡನೆಯ ಕಡೆ ಬೇಕೆಂದೇ ಬಿಟ್ಟ. ಬರ್ನ್ ಮಾಡಿ, ‘ಎಲ್ಲಾ ಮಷಿನ್’ ಎಂದು ಬರೆದು, ನಡುವಿನ ತೂತಿನ ಪಕ್ಕ ಗುಂಡುಪಿನ್ನಿನಿಂದ ಸಣ್ಣದೊಂದು ಗೀರು ಎಳೆದ. ಅದನ್ನು ಮೇಜಿನ ಖಾನೆಯಲ್ಲಿಟ್ಟು ಅಸಲಿ ಸಿಡಿಯನ್ನು ಊಟದ ಚೀಲದ ತಳಕ್ಕೆ ಸೇರಿಸಿದ. ಇನ್ನು ಕದ್ದವನು ಯಾವ ಗಿರಾಕಿಯ ಮನೆಯಲ್ಲಿ ಕೂತರೂ ನೀಲಿ ಪರದೆ ಅವನ ಮುಖಕ್ಕೇ ಬಡಿಯುತ್ತದೆ. ಗಿರಾಕಿಯ ಪಾಡೇನು ಎಂದು ಒಂದು ಕ್ಷಣ ಅನಿಸಿತು. ಕಳ್ಳನ ಹತ್ತಿರ ಕೆಲಸ ಮಾಡಿಸಿಕೊಂಡವನಿಗೆ ಅಷ್ಟಾದರೂ ಆಗಲಿ ಎಂದುಕೊಂಡ.

ಮನೆಗೆ ಬಂದಾಗ ಹೆಂಡತಿ ಅವನ ತಲೆ ನೋಡಿದಳು. “ಕ್ಷೌರ ಮಾಡಿಸ್ಲಿಲ್ವಾ?”

ಗುಮಾನಿಗೆ ತಟ್ಟನೆ ಬೇರೆ ಸುಳ್ಳು ಹೊಳೆಯಲಿಲ್ಲ. “ಮರ್ತುಹೋಯ್ತು,” ಎಂದ.

ಅವಳ ಮುಖ ಬಿಳಿಚಿಕೊಂಡಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ ಎಂದು ಗುಮಾನಿ ಮನಸ್ಸಿನಲ್ಲೇ ಅಂದುಕೊಂಡ.

ಆಮೇಲೆ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದ. ಅಂಗಡಿಯ ಕೆಲಸವನ್ನು ಬೆನ್ನು ತಿರುಗಿಸಿಕೊಂಡು ಚೀಲದ ಸಿಡಿಯಿಂದಲೇ ಶುರು ಮಾಡಿ, ಫೈಲು ನಕಲಾಗತೊಡಗಿದ ಕೂಡಲೇ ಎಂದಿನಂತೆ ಎದ್ದು, ವಾಪಸ್ ಬಂದೊಡನೆ ಅದನ್ನು ಮತ್ತೆ ಚೀಲದ ತಳಕ್ಕೆ ಸೇರಿಸುತ್ತಿದ್ದ. ಭಾವಮೈದನ ಮುಖದಲ್ಲಿ ಕಸಿವಿಸಿಯಿಲ್ಲ, ಯಾವ ಗಿರಾಕಿಯೂ ಬೊಬ್ಬೆ ಹೊಡೆಯಲಿಲ್ಲ. ಗುಮಾನಿಗೆ ನಿರಾಸೆಯೇ ಆಗತೊಡಗಿತು. ಕೊನೆಗೊಂದು ಬೆಳಿಗ್ಗೆ ಖಾನೆಯ ಸಿಡಿಯನ್ನು ಬೆಳಕಿಗೆ ಹಿಡಿದು ನೋಡಿದ. ಬರಹ ಅವನದೇ ಎನ್ನುವಂತಿತ್ತು, ಆದರೆ ‘ಷ’ದ ಹೊಟ್ಟೆ ಸ್ವಲ್ಪ ಗುಂಡಗಾಗಿತ್ತು. ಗೀರು ಇರಲೇ ಇಲ್ಲ.

ಭಾವಮೈದ ಒಳಗೆ ಬಂದು ಚೀಲ ಇಡುವುದಕ್ಕೂ ಬಿಡದೆ ಅವನು ಕೇಳಿದ. “ಇದು ಯಾರ ಸಿಡಿ?”

“ನಿಮ್ದೇ ಭಾವ.”

“ನನ್ನ ಸಿಡಿಗೆ ನಾನು ಗುರುತು ಹಾಕಿದ್ದೆ. ಗುರುತೆಲ್ಲಿ ಹೋಯ್ತು?”

ಭಾವಮೈದ ನೆಲ ನೋಡಿದ. “ಅದರಲ್ಲಿ ಎರಡನೇ ಕಡೆ ಡ್ರೈವರ್ ಬಿಟ್ಟುಹೋಗಿತ್ತು. ಕೊನೆಗೆ ನಾನೇ ಸೇರಿಸಿ ಬೇರೆ ಮಾಡಿಟ್ಟೆ. ನಿಮಗೆ ಬೇಜಾರಾಗ್ಬಾರ್ದು ಅಂತ ನಿಮ್ಮ ಥರಾನೇ ಬರೆದೆ.”

“ಬಿಟ್ಟುಹೋಗಿರ್ಲಿಲ್ಲ. ನಾನೇ ಬೇಕಂತ ಬಿಟ್ಟಿದ್ದೆ. ನಿನ್ನನ್ನ ಹಿಡಿಯೋಕೆ.”

ಭಾವಮೈದ ಕಾಲಿಗೆ ಬೀಳುತ್ತಾನೆ, ಇಲ್ಲವೇ ಜಗಳಕ್ಕೆ ನಿಲ್ಲುತ್ತಾನೆ ಎಂದು ಗುಮಾನಿ ಎರಡಕ್ಕೂ ತಯಾರಾಗಿದ್ದ. ಅವನು ಎರಡನ್ನೂ ಮಾಡಲಿಲ್ಲ. ಲೋಟ ನಾನು ಒಡೆದದ್ದಲ್ಲ ಎನ್ನುವ ಮಗುವನ್ನು ದೊಡ್ಡವರು ನೋಡುವ ಹಾಗೆ ನೋಡಿದ.

“ಆಯ್ತು ಭಾವ. ಬೇಕಂತಲೇ ಬಿಟ್ಟಿದ್ರಿ. ಇರ್ಲಿ ಬಿಡಿ.”

ಆ ‘ಇರ್ಲಿ ಬಿಡಿ’ ಗುಮಾನಿಗೆ ಬೈಗುಳಕ್ಕಿಂತ ಜೋರಾಗಿ ತಾಗಿತು. “ಮತ್ತೆ ಗಿರಾಕಿಗಳ ಮನೆಗೆ ಹೋಗ್ತಿದ್ದದ್ದು? ಟೈಲರ್ ಮನೆಗೆ?”

“ನೀಲಿ ಪರದೆ ಬಂದಿತ್ತು. ಇಲ್ಲಿ ನೀವಿರ್ತೀರಲ್ಲ, ಅದಕ್ಕೆ ಸಿಡಿ ತಗೊಂಡ್ಹೋಗಿ ಅವರ ಮನೇಲೇ ಕೂತು ಸರಿ ಮಾಡಿಕೊಟ್ಟೆ. ಒಂದು ಪೈಸೆ ತಗೊಂಡಿಲ್ಲ, ಬೇಕಾದ್ರೆ ಕೇಳಿ.”

“ಯಾವಾಗಿಂದ?”

“ಹೊಸ ಮಷಿನ್‌ಗಳು ಬರೋಕೆ ಶುರುವಾದಾಗಿಂದ. ಮೂರು ತಿಂಗಳಾಗಿರ್ಬಹುದು.” ಅವನ ದನಿ ಇನ್ನೂ ಇಳಿಯಿತು. “ಅಕ್ಕನಿಗೆ ಹೇಳಿದೆ. ನೀವು ಇತ್ತೀಚೆಗೆ ಮನೇಲೂ ಒಂದೊಂದು ಮರೀತಿದ್ದೀರಂತೆ. ಕ್ಷೌರಕ್ಕೆ ಅಂತ ಹೋಗಿ ಹಾಗೇ ಬಂದ್ರಂತೆ.”

ಗುಮಾನಿಗೆ ನಗು ಬಂತು, ಸಿಟ್ಟೂ ಬಂತು. ಅಕ್ಕ ತಮ್ಮ ಸೇರಿ ತನಗೆ ಮರೆಗುಳಿ ಪಟ್ಟ ಕಟ್ಟಿದ್ದಾರೆ. ಬಲೆ ಹಾಕಿ ಇನ್ನೂ ಹದಿನೈದು ದಿನವಾಗಿಲ್ಲ, ಮೂರು ತಿಂಗಳ ಕಥೆ ಎಲ್ಲಿಂದ ಬಂತು? ತನ್ನ ಚೀಲಕ್ಕೆ ಕೈಹಾಕಿ ಊಟದ ಡಬ್ಬಿಯ ಕೆಳಗಿನಿಂದ ಅಸಲಿ ಸಿಡಿ ತೆಗೆದ. “ಇದು ನನ್ನ ಸಿಡಿ. ಇದರಲ್ಲಿ ಎರಡೂ ಕಡೆ ಇದೆ. ನಿನ್ನೆದುರಿಗೇ ಹಾಕ್ತೀನಿ, ನೋಡು.”

ಹಿಂದಿನ ದಿನ ಬಂದಿದ್ದ ಹೊಚ್ಚಹೊಸ ಮಷಿನ್ ಮೇಜಿನ ಮೇಲಿತ್ತು, ಹಾರ್ಡ್ ಡಿಸ್ಕ್ ಖಾಲಿ. ಗುಮಾನಿ ಸಿಡಿ ಹಾಕಿದ. ಪರದೆಯಲ್ಲಿ ಹಾರ್ಡ್ ಡಿಸ್ಕ್ ಕಂಡಿತು. ಅವನು ಭಾವಮೈದನತ್ತ ತಿರುಗಿ ಹುಬ್ಬು ಹಾರಿಸಿದ. ಫೈಲುಗಳು ನಕಲಾಗತೊಡಗಿದವು.

“ಊಟಕ್ಕೆ ಏಳಿ ಭಾವ. ಇನ್ನು ನಾನು ನೋಡ್ಕೋತೀನಿ,” ಎಂದ ಭಾವಮೈದ.

“ಈಗಲೇ ಯಾವ ಊಟ? ನನ್ನನ್ನ ಎಬ್ಬಿಸೋಕೆ ನಿನಗೇನು ಅವಸರ?”

“ಹಾಗಲ್ಲ. ಏಳಿ ಅಷ್ಟೇ.”

ಗುಮಾನಿ ಕುರ್ಚಿಗೆ ಅಂಟಿಕೊಂಡು ಕೂತ. ಎಷ್ಟೋ ವರ್ಷಗಳ ಮೇಲೆ ಅವನು ಈ ಭಾಗವನ್ನು ನೋಡುತ್ತಿದ್ದ. ಇಷ್ಟು ನಿಧಾನ ಎಂಬುದೇ ಅವನಿಗೆ ನೆನಪಿರಲಿಲ್ಲ. ಕಿಟಕಿಯಲ್ಲಿ ಚಪ್ಪಲಿಗಳು ಹೋದವು, ಬಂದವು. ನಕಲು ಮುಗಿಯಿತು. ಮಷಿನ್ ಆರಿ ಮತ್ತೆ ಹತ್ತಿತು. ಪರದೆ ಕ್ಷಣಹೊತ್ತು ಕಪ್ಪಗಿದ್ದು ನೀಲಿಯಾಯಿತು.

ಇನ್ನೊಮ್ಮೆ ಆರಿಸಿ ಹಾಕಿದ. ಮತ್ತೆ ನೀಲಿ. ಸಿಡಿ ತೆಗೆದು ತಿರುವಿ ನೋಡಿದ. ‘ಷ’ ಅವನದೇ, ಗೀರಿಲ್ಲ, ಅಸಲಿಯೇ. ಈ ಹೊಸ ಡ್ರೈವರ್ ಸೇರಿಸಿದ ಸಂಜೆಯನ್ನು ನೆನಪಿಗೆ ತಂದುಕೊಳ್ಳಲು ನೋಡಿದ. ಮೊದಲ ಕಡೆ ಸೇರಿಸಿದ್ದು ನೆನಪಿದೆ. ಎರಡನೆಯ ಕಡೆ ಸೇರಿಸಿದ್ದೂ ಕಣ್ಣಿಗೆ ಕಟ್ಟಿದಂತಿದೆ. ಆದರೆ ಆ ನೆನಪಿನಲ್ಲಿದ್ದದ್ದು ಹಳೆಯ ಮೇಜು, ಅದನ್ನು ಮಾರಿ ಎರಡು ವರ್ಷವಾಗಿತ್ತು. ಲೋಕದಲ್ಲಿ ಅವನು ಗುಮಾನಿ ಪಡದೆ ಉಳಿಸಿದ್ದ ಮನುಷ್ಯ ಒಬ್ಬನೇ ಒಬ್ಬ, ಅದು ತಾನೇ, ಅವನೂ ಈಗ ಕೈಕೊಟ್ಟಿದ್ದ. ತಾನು ಉಪಾಯದಿಂದ ಮಾಡಿದೆ ಎಂದುಕೊಂಡಿದ್ದ ತಪ್ಪನ್ನು ತನಗೇ ತಿಳಿಯದಂತೆ ಮೂರು ತಿಂಗಳಿಂದ ಮಾಡುತ್ತ ಬಂದಿದ್ದ. ಅವನಿಗೆ ಭಯವಾಯಿತು.

“ಇದನ್ನೂ ಬೇಕಂತಲೇ ಬಿಟ್ಟಿದ್ದಾ ಭಾವ?” ಎಂದು ಭಾವಮೈದ ಮೆಲ್ಲಗೆ ಕೇಳಿದ.

ದನಿಯಲ್ಲಿ ಕುಹಕವಿರಲಿಲ್ಲ. ಹೂಂ ಅನ್ನಲಿ ಎಂದೇ ಕೇಳಿದಂತಿತ್ತು. ಹೂಂ ಅಂದುಬಿಟ್ಟರೆ ಮಾತು ಅಲ್ಲಿಗೆ ಮುಗಿಯುತ್ತದೆ. ನಾಳೆಯೂ ತಾನು ಸಿಡಿ ಹಾಕಬಹುದು, ಊಟಕ್ಕೆ ಏಳಬಹುದು, ಇವನು ಯಾರದೋ ಮನೆಯಲ್ಲಿ ಕೂತು ಸರಿ ಮಾಡಿ ಬರುತ್ತಾನೆ.

“ಇಲ್ಲ,” ಎಂದ ಗುಮಾನಿ. “ಇದು ಗೊತ್ತಿಲ್ದೆ ಬಿಟ್ಟದ್ದು. ಆ ಗುರುತಿನ ಸಿಡೀಲಿ ಗೊತ್ತಿದ್ದೇ ಬಿಟ್ಟದ್ದು. ಎರಡನ್ನೂ ನಂಬು.”

ಆಗ ಭಾವಮೈದನ ಮುಖ ಬದಲಾಯಿತು. ಬಲೆಯ ಮಾತು ನಿಜ ಎಂದು ಅವನಿಗೆ ಹೊಳೆದದ್ದು ಈಗಲೇ. ಅವನು ಗಿರಾಕಿಗಳ ಸ್ಟೂಲಿನ ಮೇಲೆ ಕೂತುಬಿಟ್ಟ.

“ನನ್ನನ್ನ ಒಂದ್ಮಾತು ಕೇಳ್ಬಹುದಿತ್ತು,” ಎಂದ.

“ಕೇಳ್ಬಹುದಿತ್ತು.”

“ಕಳ್ಳ ಅಂದ್ಕೊಂಡ್ರಾ?”

“ಅಂದ್ಕೊಂಡೆ.”

ಭಾವಮೈದನ ಕಣ್ಣು ತುಂಬಿಕೊಂಡವು. ಗುಮಾನಿ ತನ್ನ ಕುರ್ಚಿಯಿಂದ ಎದ್ದು ಅದನ್ನು ಅವನ ಕಡೆ ತಳ್ಳಿದ. ಆ ಕುರ್ಚಿಯಲ್ಲಿ ಅಲ್ಲಿಯವರೆಗೆ ಬೇರೆ ಯಾರೂ ಕೂತಿರಲಿಲ್ಲ.

“ನಿಮ್ಮಕ್ಕನಿಗೆ ಫೋನ್ ಮಾಡು. ಮಿಕ್ಸಿ ಹಾಕೋದು ಬೇಡ ಅನ್ನು. ನಾಳೆ ಮೊದಲು ವಕೀಲರ ಹತ್ರ ಹೋಗೋಣ, ಡಾಕ್ಟರ ಹತ್ರ ಆಮೇಲೆ. ನೆನಪಿರೋವಾಗ್ಲೇ ಸೈನ್ ಹಾಕ್ಬಿಡ್ತೀನಿ.”

ಭಾವಮೈದ ಎದ್ದು ಬಂದು ಖಾನೆಯ ಸಿಡಿ ತೆಗೆದು ಮಷಿನ್‌ಗೆ ಹಾಕಿ ಕುರ್ಚಿಯ ಮೇಲೆ ಕೂತ. ಫೈಲುಗಳು ಮೊದಲಿನಿಂದ ನಕಲಾಗತೊಡಗಿದವು. ಗುಮಾನಿ ಸ್ಟೂಲನ್ನು ಎಳೆದುಕೊಂಡು ಅವನ ಪಕ್ಕದಲ್ಲಿ ಕೂತ, ಊಟದ ಹೊತ್ತಾದರೂ ಏಳಲಿಲ್ಲ.