ಬಾಗಿಲು ತಟ್ಟಿದವರ ಕೈಯಲ್ಲಿ ಯಾವ ವಾರಂಟ್?

ಅಮೆರಿಕದ ನಮ್ಮ ಅಪಲೇಚಿಯ ಬೆಟ್ಟದ ಕಣಿವೆಯಲ್ಲಿ ಪ್ರತಿ ಮಂಗಳವಾರ ವರ್ನಾ ಮನೆಯ ಜಗುಲಿಯಲ್ಲಿ ಹೆಂಗಸರು ಸೇರಿ ಕೌದಿ ಹೊಲಿಯುತ್ತಾರೆ. ಕೈಗಿಂತ ಬಾಯಿಗೇ ಅಲ್ಲಿ ಹೆಚ್ಚು ಕೆಲಸ. ಆದರೆ ಆ ಮಂಗಳವಾರ ವರ್ನಾ ಬಾಯಿಯೇ ಬಿಡಲಿಲ್ಲ. ಸೂಜಿ ಬಟ್ಟೆಗೆ ಹೋಗುವ ಬದಲು ಮತ್ತೆ ಮತ್ತೆ ಬೆರಳಿಗೆ ಹೋಗುತ್ತಿತ್ತು.

"ಏನೇ ವರ್ನಾ, ಕೌದಿಗೆ ರಕ್ತದಲ್ಲೇ ಬಣ್ಣ ಹಾಕ್ತೀಯಾ? ಏನಾಯ್ತು ಹೇಳು" ಎಂದಳು ಇಮೋಜೀನ್.

ಇಮೋಜೀನ್ ನಮ್ಮ ರಾಜ್ಯದ ಸೆರೆಮನೆ ಇಲಾಖೆಯ ಪೊಲೀಸ್ ದಳದಲ್ಲಿ ಬಹಳ ವರ್ಷ ದುಡಿದು ನಿವೃತ್ತಳಾದವಳು. ಜೈಲಿನಿಂದ ಓಡಿಹೋದವರನ್ನು, ಪೆರೋಲ್ ಮೇಲೆ ಹೊರಬಂದು ತಲೆಮರೆಸಿಕೊಂಡವರನ್ನು ಹುಡುಕಿ ಹಿಡಿಯುವುದೇ ಆ ದಳದ ಕೆಲಸ. ಅದರಲ್ಲಿ ಅವಳದು ಎತ್ತಿದ ಕೈ. ಹೊಲಿಗೆಯಲ್ಲಿ ಮಾತ್ರ ಆ ಕೈಯೇ ಏಳುವುದಿಲ್ಲ. ಅವಳು ಹಾಕಿದ ಹೊಲಿಗೆಯನ್ನು ಅವಳು ಮನೆಗೆ ಹೋದ ಮೇಲೆ ಉಳಿದವರು ಬಿಚ್ಚಿ ಮತ್ತೆ ಹಾಕುತ್ತಾರೆ.

ವರ್ನಾ ಕಣ್ಣೊರೆಸಿಕೊಂಡಳು. "ನಮ್ಮ ವೇಲನ್ ಕಣೇ. ತೀರಿಹೋದ ತಂಗಿ ಮಗ. ಅವನ ಮೇಲೆ ವಾರಂಟ್ ಆಗಿದೆಯಂತೆ."

ವೇಲನ್ ಕದ್ದ ಟ್ರಕ್ಕಿನ ಬಿಡಿಭಾಗ ಮಾರಿ ಜೈಲಿಗೆ ಹೋಗಿದ್ದ. ವಸಂತದಲ್ಲಿ ಪೆರೋಲ್ ಸಿಕ್ಕಿತು, ಅಂದರೆ ಉಳಿದ ಶಿಕ್ಷೆಯನ್ನು ಷರತ್ತಿನ ಮೇಲೆ ಹೊರಗೇ ಕಳೆಯುವ ಅನುಮತಿ. ಹೊಳೆಯಂಚಿನಲ್ಲಿ ಚಿಕ್ಕ ಮನೆ ಬಾಡಿಗೆಗೆ ಹಿಡಿದ. ತಿಂಗಳು ತಿಂಗಳು ಪೇಟೆಗೆ ಹೋಗಿ ಪೆರೋಲ್ ಅಧಿಕಾರಿಗೆ ಮುಖ ತೋರಿಸಬೇಕಿತ್ತು. ಒಂದು ಸಲ ಕಾರು ಕೆಟ್ಟು ನಿಂತಿತು, ಹೋಗಲಾಗಲಿಲ್ಲ. ಮರುದಿನ ಫೋನ್ ಮಾಡಿದ್ದರೆ ಮುಗಿಯುತ್ತಿತ್ತು. ಹುಡುಗ ಹೆದರಿದ, ಫೋನ್ ಆರಿಸಿಟ್ಟ. ಮುಂದಿನ ತಿಂಗಳೂ ಹೋಗಲಿಲ್ಲ. ಈಗ ಆ ಬಾಡಿಗೆ ಮನೆಯೂ ಖಾಲಿ.

"ಆ ದಳದವರು ಬಂದ್ರೆ ಬಾಗಿಲು ಒಡೀತಾರಂತೆ. ಅವರನ್ನ ಕೇಳೋರೇ ಇಲ್ವಂತೆ. ನನಗೆ ರಾತ್ರಿ ನಿದ್ದೆ ಇಲ್ಲ ಕಣೇ."

ಅಷ್ಟರಲ್ಲಿ ಗುಡ್ಡದ ಮೇಲೆ ಬೇರೆ ಮನೆಯಲ್ಲಿರುವ ವರ್ನಾಳ ತಮ್ಮ ಡಾಯ್ಲ್ ಅಡುಗೆಮನೆಯಿಂದ ಬಂದ. ಒಂದು ಕೈಯಲ್ಲಿ ಸೇಬಿನ ಕೇಕು, ಇನ್ನೊಂದರಲ್ಲಿ ಹುರಿದ ಕೋಳಿ.

"ಏನ್ ಹೆದರ್ತೀಯಕ್ಕಾ! ನಮ್ಮ ಮನೆ ನಮ್ಮದು. ಅಗುಳಿ ಹಾಕ್ಕೊಂಡು ಒಳಗಿಂದ 'ವೇಲನ್ ಒಹಾಯೋಗೆ ಹೋದ' ಅಂತ ಕೂಗಿದ್ರೆ ಆಯ್ತು. ಏನ್ ಕಿತ್ಕೋತಾರೆ?"

ಇಮೋಜೀನ್ ಕನ್ನಡಕದ ಮೇಲಿನಿಂದ ಅವನನ್ನು ನೋಡಿದಳು. "ನಿಮ್ಮಕ್ಕ ಹೇಳಿದ್ದೂ ತಪ್ಪು, ನೀನು ಹೇಳಿದ್ದೂ ತಪ್ಪು. ಕೂತ್ಕೋ. ಆ ಕೋಳಿ ಎಲ್ಲೂ ಓಡಿಹೋಗಲ್ಲ."

ಹೆಂಗಸರು ಸೂಜಿ ಕೆಳಗಿಟ್ಟರು.

"ನೋಡೇ ವರ್ನಾ," ಎಂದಳು ಇಮೋಜೀನ್. "ನಮ್ಮ ದಳಕ್ಕೂ ಕಾನೂನಿನ ಲಗಾಮು ಇದೆ. ಮೊದಲು, ಬಂದವರು ಯಾರು ಅಂತ ಹೇಳಬೇಕು. ನೀನು ಕಿಟಕೀಲೇ ಬ್ಯಾಡ್ಜ್ ನೋಡಬಹುದು. ಎರಡನೇದು ವಾರಂಟ್. ಅದರಲ್ಲಿ ಎರಡು ಜಾತಿ. ಒಂದು, ಆಸಾಮೀನ ಹಿಡಿಯೋ ಬಂಧನ ವಾರಂಟ್. ಅದು ಇದ್ರೆ ಅವನು ವಾಸ ಇರೋ ಮನೆಗೆ, ಅವನು ಒಳಗಿದಾನೆ ಅನ್ನೋಕೆ ಕಾರಣ ಇದ್ರೆ, ನುಗ್ಗಬಹುದು. ಆದ್ರೆ ಬೇರೆಯವರ ಮನೇಲಿ ಹುಡುಕಬೇಕು ಅಂದ್ರೆ ಅದು ಸಾಲದು. ಆ ಮನೆ ವಿಳಾಸ ಬರೆದು ಜಡ್ಜ್ ಸಹಿ ಹಾಕಿದ ಶೋಧನಾ ವಾರಂಟ್ ಬೇಕು. ಇಲ್ಲ, ಮನೆಯವರು ಒಪ್ಪಬೇಕು."

"ಒಪ್ಪದೇ ಇದ್ರೆ?"

"ಹೊರಗೇ ನಿಲ್ಲಬೇಕು. ನಾನೇ ಒಂದ್ಸಲ ಹಿಮದಲ್ಲಿ ನಿಂತಿದ್ದೆ. ಜಡ್ಜ್ ಸಹಿ ಬರೋ ತನಕ ಆ ಮನೆಯಾಕೆ ಪಾಪ ಬಿಸಿ ಕಾಫಿ ಕೊಟ್ಟಳು. ನಾವು ಹುಡುಕ್ತಿದ್ದ ಆಸಾಮಿ ಮೇಲಿನ ಕಿಟಕಿಯಿಂದ ನಾಲಿಗೆ ಚಾಚ್ತಿದ್ದ! ಸಹಿ ಬಂತು, ಒಳಗೆ ಹೋದ್ವಿ, ನಾಲಿಗೆ ಸಮೇತ ಕರ್ಕೊಂಡು ಬಂದ್ವಿ."

ಎಲ್ಲರೂ ನಕ್ಕರು. ವರ್ನಾಳಿಗೂ ನಗು ಬಂತು.

"ಹುಡುಕ್ತಿರೋ ಆಸಾಮಿ ನಮ್ಮ ಕಣ್ಣೆದುರೇ ಓಡ್ತಾ ಮನೆ ಹೊಕ್ಕರೆ, ಇಲ್ಲ ಒಳಗೆ ಯಾರದೋ ಜೀವಕ್ಕೆ ಅಪಾಯ ಅಂದ್ರೆ, ಆವಾಗ ಕಾಯೋ ಹಾಗಿಲ್ಲ. ಅದು ಬೇರೆ ಮಾತು," ಎಂದಳು ಇಮೋಜೀನ್.

"ವೇಲನ್ ಇಲ್ಲಿಗೆ ಊಟಕ್ಕೆ ಬರ್ತಿದ್ದ. ಇದು ಅವನ ಮನೆ ಅಂತಾರಾ?" ಎಂದಳು ವರ್ನಾ.

"ಊಟಕ್ಕೆ ಬಂದವನು ನೆಂಟ. ಬಟ್ಟೆಬರೆ ಇಟ್ಕೊಂಡು ಇಲ್ಲೇ ಇದ್ದಿದ್ರೆ ಲೆಕ್ಕ ಬೇರೆ ಆಗ್ತಿತ್ತು." ಇಮೋಜೀನ್ ಡಾಯ್ಲ್ ಕಡೆ ತಿರುಗಿದಳು. "ಇನ್ನು ನಿನ್ನ ಒಹಾಯೋ ಕಥೆ. ಉತ್ತರ ಕೊಡದೆ ಸುಮ್ನಿರೋ ಹಕ್ಕು ನಿನಗಿದೆ. ಸುಳ್ಳು ಹೇಳೋ ಹಕ್ಕಿಲ್ಲ. ಓಡಿಬಂದವನನ್ನ ಬಚ್ಚಿಟ್ಟರೆ ಬಚ್ಚಿಟ್ಟವನ ಮೇಲೂ ಕೇಸು."

"ಇದೆಲ್ಲ ಪುಸ್ತಕದ ಮಾತು ಇಮೋಜೀನಕ್ಕ," ಎಂದ ಡಾಯ್ಲ್. "ಆ ಗಂಡಸರ ಮುಂದೆ ನಮ್ಮಕ್ಕ 'ಒಪ್ಪಿಗೆ ಇಲ್ಲ' ಅಂದ್ರೆ ಕೇಳ್ತಾರಾ?"

ಹಾಗೆಂದು ಕೇಕು, ಕೋಳಿ ಎರಡನ್ನೂ ಎತ್ತಿಕೊಂಡು ಹೊರಟೇಬಿಟ್ಟ.

ಶನಿವಾರ ಬೆಳಗ್ಗೆ ವರ್ನಾ ತಿಂಡಿಗೆ ಹಿಟ್ಟು ನಾದುತ್ತಿದ್ದಳು. ಡಾಯ್ಲ್ ಮೇಜಿನ ಹತ್ತಿರ ಕೂತಿದ್ದ. ಯಾರೋ ಬಾಗಿಲು ದಬದಬ ಬಡಿದರು.

"ಪೊಲೀಸ್! ಸೆರೆಮನೆ ಇಲಾಖೆಯ ಪತ್ತೆ ದಳ!"

ವರ್ನಾ ಹಿಟ್ಟಿನ ಕೈಯಲ್ಲೇ ಕಿಟಕಿಗೆ ಹೋದಳು. ಮೂರು ಜನ, ಗುಂಡು ತಡೆಯುವ ಅಂಗಿ ತೊಟ್ಟವರು. ಮುಂದಿದ್ದವನು ಎತ್ತರದ ಯುವಕ.

"ಬ್ಯಾಡ್ಜ್ ತೋರಿಸಪ್ಪ" ಎಂದಳು.

ಅವನು ತೋರಿಸಿದ. ಹೆಸರು ಸ್ಟಂಪರ್. ವಾರಂಟನ್ನು ಗಾಜಿಗೆ ಒತ್ತಿ ಹಿಡಿದ. ಅದರಲ್ಲಿ ವೇಲನ್ ಹೆಸರಿತ್ತು, ಹೊಳೆಯಂಚಿನ ಮನೆಯ ವಿಳಾಸವಿತ್ತು. ವರ್ನಾ ಹೊರಗೆ ಜಗುಲಿಗೆ ಬಂದು ಬಾಗಿಲನ್ನು ಹಿಂದೆ ಎಳೆದುಕೊಂಡಳು. ಡಾಯ್ಲ್ ಕೂಡ ನುಸುಳಿ ಬಂದ.

"ವೇಲನ್ ಒಳಗಿದಾನಾ ಅಮ್ಮಾ?"

"ಒಹಾಯೋಗೆ ಹೋದ!" ಎಂದ ಡಾಯ್ಲ್.

"ಯಾವಾಗ?"

"ಮೊನ್ನೆ... ಅಲ್ಲ, ಆಚೆ ಮೊನ್ನೆ. ಬಸ್ಸಲ್ಲಿ. ಅಲ್ಲ, ರೈಲು..."

ವರ್ನಾ ಅವನ ಕಾಲನ್ನು ಬಲವಾಗಿ ತುಳಿದಳು. ಡಾಯ್ಲ್ ಬಾಯಿ ಮುಚ್ಚಿತು.

ಸ್ಟಂಪರ್ ಮೆತ್ತಗೆ ಹೇಳಿದ: "ಒಂದೇ ನಿಮಿಷ ಒಳಗೆ ನೋಡಿ ಹೋಗ್ತೀವಿ. ಮುಚ್ಚಿಡೋದು ಏನೂ ಇಲ್ಲ ಅಂದ್ರೆ ಹೆದರಿಕೆ ಯಾಕಮ್ಮಾ?"

"ಹೆದರಿಕೆ ಅಲ್ಲಪ್ಪ, ಕಾನೂನು." ವರ್ನಾ ಹಿಟ್ಟಿನ ಬೆರಳಿನಿಂದ ಅವನ ಕೈಯ ಕಾಗದ ತೋರಿಸಿದಳು. "ನಿನ್ನ ಕೈಲಿರೋದು ವೇಲನ್‌ನ ಹಿಡಿಯೋ ವಾರಂಟ್. ನನ್ನ ಮನೆ ಹುಡುಕೋ ವಾರಂಟ್ ಅಲ್ಲ. ಅವನು ಇಲ್ಲಿ ವಾಸ ಇಲ್ಲ. ಒಳಗೆ ಬರೋಕೆ ನನ್ನ ಒಪ್ಪಿಗೆ ಇಲ್ಲ. ಶೋಧನಾ ವಾರಂಟ್ ತಂದ್ರೆ ನಾನು ಅಡ್ಡ ನಿಲ್ಲಲ್ಲ, ಬಾಗಿಲು ನಾನೇ ತೆಗೀತೀನಿ."

ಸ್ಟಂಪರ್ ಅವಳನ್ನೇ ನೋಡಿದ. ಅವನ ಮುಖ ಅರಳಿತು.

"ಇದನ್ನ ಯಾರು ಹೇಳಿಕೊಟ್ಟಿದ್ದು ಅಮ್ಮಾ?"

"ಇಮೋಜೀನ್."

"ಅಯ್ಯೋ ದೇವರೇ! ನಮಗೆ ತರಬೇತಿ ಕೊಟ್ಟಿದ್ದೂ ಅವರೇ!" ಅವನು ಟೋಪಿ ಮುಟ್ಟಿ ವಂದಿಸಿದ. "ಸರಿ, ನಾವು ಜಡ್ಜ್ ಹತ್ರ ಹೋಗ್ತೀವಿ. ಅದಕ್ಕೆ ಮುಂಚೆ ಅವನು ತಾನಾಗೇ ಬಂದ್ರೆ ಅವನಿಗೇ ಒಳ್ಳೇದು." ಡಾಯ್ಲ್ ಕಡೆ ತಿರುಗಿ, "ನಿಮ್ಮ ಮನೆ ಎಲ್ಲಿ ಸಾರ್?" ಎಂದ.

ಡಾಯ್ಲ್ ಕೈ ತಾನೇ ತಾನಾಗಿ ಗುಡ್ಡದ ಕಡೆ ಎದ್ದಿತು.

ಪೊಲೀಸರ ಗಾಡಿ ತಿರುವಿನಲ್ಲಿ ಮರೆಯಾಯಿತು. ಡಾಯ್ಲ್ ಮುಖ ವರ್ನಾಳ ಕೈಯಲ್ಲಿದ್ದ ಹಿಟ್ಟಿಗಿಂತ ಬೆಳ್ಳಗಿತ್ತು. ವರ್ನಾಳಿಗೆ ಏನೋ ಹೊಳೆಯಿತು. ಗುಬ್ಬಚ್ಚಿ ಹಾಗೆ ತಿನ್ನುವ ತಮ್ಮ ಇತ್ತೀಚೆಗೆ ದಿನಾ ಎರಡು ಆಳಿನ ಊಟ ಒಯ್ಯುತ್ತಿದ್ದ!

"ಲೋ ಡಾಯ್ಲ್! ಎಲ್ಲಿಟ್ಟಿದೀಯೋ ಅವನ್ನ?"

"ನಮ್ಮ ನೆಲಮಾಳಿಗೇಲಿ ಅಕ್ಕಾ," ಎಂದ ಡಾಯ್ಲ್. ಕಣ್ಣು ತುಂಬಿತ್ತು. "ತಾಯಿ ಇಲ್ಲದ ಮಗು. ಬಂದು ಬಾಗಿಲಲ್ಲಿ ನಿಂತ. ನಾನೇನ್ ಮಾಡ್ಲಿ?"

ವರ್ನಾ ಬೈಯಬೇಕೆಂದಿದ್ದಳು. ಆದರೆ ತಮ್ಮನ ಹೆಗಲ ಮೇಲೆ ಹಿಟ್ಟಿನ ಕೈ ಇಟ್ಟಳು. ಆಮೇಲೆ ಇಮೋಜೀನಳಿಗೆ ಫೋನ್ ಮಾಡಿ, ವಕೀಲರು ಬೇಕು ಎಂದಳು. ಇಮೋಜೀನ್ ಯಾಕೆ ಎಂದು ಕೇಳಲಿಲ್ಲ. ಬಡವರ ಪರವಾಗಿ ಸರ್ಕಾರವೇ ನೇಮಿಸಿದ ವಕೀಲೆಯೊಬ್ಬಳ ನಂಬರ್ ಕೊಟ್ಟಳು.

ವಕೀಲೆ ಫೋನಿನಲ್ಲೇ ಎಲ್ಲವನ್ನೂ ಕೇಳಿದಳು. "ಹೊಸ ಅಪರಾಧ ಏನೂ ಮಾಡಿಲ್ವಾ? ಹಾಗಾದ್ರೆ ಇವತ್ತೇ ತಾನಾಗಿ ಬರಲಿ, ನಾನೂ ಜೊತೆಗೆ ಬರ್ತೀನಿ. ಮಾವನವರು ಇನ್ನು ಯಾರ ಹತ್ರಾನೂ ಒಂದು ಮಾತೂ ಆಡೋದು ಬೇಡ. ಒಹಾಯೋ ಅಂತೂ ಬೇಡವೇ ಬೇಡ."

ವೇಲನ್ ಮಾವನ ಹಿಂದೆ ತಲೆ ತಗ್ಗಿಸಿಕೊಂಡು ಗುಡ್ಡ ಇಳಿದು ಬಂದ. ಗಡ್ಡ ಬೆಳೆದಿತ್ತು.

"ದೊಡ್ಡಮ್ಮಾ, ನೇರ ಜೈಲಿಗೇ ಹಾಕ್ತಾರೆ. ಉಳಿದ ಶಿಕ್ಷೆ ಪೂರ್ತಿ."

"ಹಿಡಿಯೋದು ದಳದ ಕೆಲಸ, ತೀರ್ಮಾನ ಮಾಡೋದು ದಳದ ಕೆಲಸ ಅಲ್ಲ," ಎಂದಳು ಅಷ್ಟರಲ್ಲಿ ಬಂದು ಸೇರಿದ್ದ ಇಮೋಜೀನ್. "ಪೆರೋಲ್ ಕಿತ್ಕೊಳ್ಳೋಕೆ ಮುಂಚೆ ವಿಚಾರಣೆ ಮಾಡ್ಲೇಬೇಕು. ಕಾರು ಕೆಟ್ಟಿದ್ದು, ನೀನು ಹೆದರಿದ್ದು, ಎಲ್ಲಾ ಅಲ್ಲಿ ಹೇಳೋ ಹಕ್ಕು ನಿನಗಿದೆ. ತಾನಾಗಿ ಬಂದವನ ಮಾತಿಗೆ ತೂಕ ಜಾಸ್ತಿ ಕಣೋ."

"ಮೊದಲು ತಿನ್ನು," ಎಂದಳು ವರ್ನಾ. ತಟ್ಟೆ ಖಾಲಿಯಾಯಿತು. ವೇಲನ್ ಮುಖ ತೊಳೆದು, ಗಡ್ಡ ಬೋಳಿಸಿ ಕಾರು ಹತ್ತಿದ. ಪೇಟೆಯ ಪೆರೋಲ್ ಕಚೇರಿಯ ಬಾಗಿಲಲ್ಲಿ ವಕೀಲೆ ಕಾಯುತ್ತಿದ್ದಳು. ಸ್ಟಂಪರ್ ಕೈಕೋಳ ಹಾಕುವಾಗ, "ಬಿಗಿ ಆಯ್ತಾ?" ಎಂದು ಕೇಳಿ ಸಡಿಲಿಸಿದ.

ವಿಚಾರಣೆಯ ತನಕ ವೇಲನ್ ಒಳಗೇ ಇರಬೇಕಾಯಿತು. ವರ್ನಾಳಿಗೆ ಅದೇನೂ ಸುಲಭವಾಗಿರಲಿಲ್ಲ. ಆದರೆ ಪೆರೋಲ್ ಮಂಡಳಿ ಅವನ ಮಾತನ್ನು ಪೂರ್ತಿ ಕೇಳಿತು. ಚೆನ್ನಾಗಿ ಗದರಿಸಿತು. ವಾರವಾರ ಫೋನ್ ಮಾಡಬೇಕು ಎಂದು ಕಟ್ಟುಪಾಡು ಹಾಕಿ ಮತ್ತೆ ಹೊರಗೆ ಬಿಟ್ಟಿತು. ಹುಡುಗನನ್ನು ತಾನೇ ಕರೆತಂದ ಎಂಬ ಕಾರಣಕ್ಕೆ ಡಾಯ್ಲ್ ಮೇಲೆ ಕೇಸಾಗಲಿಲ್ಲ. ಎಚ್ಚರಿಕೆಯ ಮಾತು ಮಾತ್ರ ಧಾರಾಳವಾಗಿ ಸಿಕ್ಕಿತು.

ಈಗ ವೇಲನ್ ಗ್ಯಾರೇಜಿನಲ್ಲಿ ದುಡಿಯುತ್ತಾನೆ. ಪೇಟೆಗೆ ಹೋಗುವ ದಿನ ಡಾಯ್ಲ್ ಬೆಳಗಾಗುವ ಮೊದಲೇ ಅವನ ಮನೆ ಮುಂದೆ ಹಾರ್ನ್ ಬಾರಿಸುತ್ತಾನೆ. ಕ್ಷೌರದಂಗಡಿಯಲ್ಲಿ ಯಾರಾದರೂ "ಪೊಲೀಸರು ಏನು ಬೇಕಾದ್ರೂ ಮಾಡಬಹುದು" ಎಂದರೆ, ಅರ್ಧ ಬೋಳಿಸಿದ ಗಲ್ಲದಲ್ಲೇ ಎದ್ದು ನಿಲ್ಲುತ್ತಾನೆ: "ಯಾರಯ್ಯ ಹೇಳಿದ್ದು? ಯಾವ ವಾರಂಟ್ ಅಂತ ಕೇಳಿದ್ಯಾ?"

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ಕೇಳುವುದು ತಪ್ಪಲ್ಲ. ನಿಮ್ಮ ಬಾಗಿಲನ್ನೂ ಯಾರಾದರೂ ತಟ್ಟಿದರೆ ಬ್ಯಾಡ್ಜ್ ನೋಡಿ, ವಾರಂಟ್ ಓದಿ. ಒಪ್ಪಿಗೆ ಇಲ್ಲದಿದ್ದರೆ ಬಾಯಲ್ಲಿ ಹೇಳಿ, ಮೈಯಿಂದ ತಡೆಯಬೇಡಿ. ಅವರು ಮೀರಿ ಒಳಗೆ ಬಂದರೂ ಜಗಳಕ್ಕೆ ನಿಲ್ಲದೆ, ಹೆಸರು ನೆನಪಿಟ್ಟುಕೊಂಡು ವಕೀಲರಿಗೆ ತಿಳಿಸಿ. ಸುಳ್ಳು ಹೇಳಬೇಡಿ, ಯಾರನ್ನೂ ಬಚ್ಚಿಡಬೇಡಿ. ನಿಮ್ಮ ಮನೆಯ ಹುಡುಗನೊಬ್ಬ ಹೆದರಿ ಎಲ್ಲೋ ಕತ್ತಲಲ್ಲಿ ಕೂತಿದ್ದರೆ, ಇವತ್ತೇ ವಕೀಲರಿಗೆ ಫೋನ್ ಮಾಡಿ. ಹೊಟ್ಟೆ ತುಂಬ ಉಣಿಸಿ, ಕೈ ಹಿಡಿದು ನೀವೇ ಕರೆದುಕೊಂಡು ಹೋಗಿ.