ಒಂದು ಅಂಕಿ ಬಿಟ್ಟ ಚೀಟಿ

೧
ಅಕ್ಕ ಅಂಗಿಗೆ ಗುಂಡಿ ಹೊಲಿಯಲು ಕೂತಿದ್ದಳು. ದಾರ ಸೂಜಿಗೆ ಏರಲೊಲ್ಲದು. ಕಥೆ ಹೀಗೆ ಶುರುವಾಗಬಹುದೇ? ಜೀವಕೋಶದ ಕಥೆಯಲ್ಲಿ ಗುಂಡಿಗೇನು ಕೆಲಸ ಎನ್ನುತ್ತೀರಿ. ಸರಿ, ಹೊಡೆದುಹಾಕಿದೆ.

೨
ಜೀವಕೋಶವೆಂದರೆ ಒಂದು ಹೊಲಿಗೆ ಅಂಗಡಿ. ಒಳಕೋಣೆಯಲ್ಲಿ ಯಜಮಾನರ ಮೂಲ ಪುಸ್ತಕ, ಡಿಎನ್‌ಎ. ಅದು ಹೊರಗೆ ಕಾಲಿಡುವುದಿಲ್ಲ, ದೊಡ್ಡವರಲ್ಲವೇ! ಬೇಕಾದ ಪುಟದ ನಕಲು ಚೀಟಿ ಮಾತ್ರ ಹೊರಬರುತ್ತದೆ, ಆರ್‌ಎನ್‌ಎ. ಹೊರಗೆ ಕೂತ ರೈಬೋಸೋಮ್ ಎಂಬ ಹೊಲಿಗೆಯವಳು ಅದನ್ನು ಮೂರು ಮೂರು ಅಕ್ಷರವಾಗಿ ಓದುತ್ತಾಳೆ. ಮೂರಕ್ಕೊಂದು ಅಮೈನೋ ಆಮ್ಲ. ಸಾಲಾಗಿ ಪೋಣಿಸಿದರೆ ಪ್ರೋಟೀನ್. (ಇಷ್ಟು ಕಲಿಯಲು ನನಗೆ ಐವತ್ತೆಂಟನೇ ವಯಸ್ಸಿನಲ್ಲಿ ರಾತ್ರಿ ಶಾಲೆ ಬೇಕಾಯಿತು. ನೀವು ಒಂದೇ ಉಸಿರಿಗೆ ಓದಿಬಿಟ್ಟಿರಿ. ಇರಲಿ.)

೩
ಕಥೆಯೆಂದಮೇಲೆ ಒಂದು ತಪ್ಪು ಬೇಕು. ಬ್ಯಾಂಡಿನವರಿಗೆ ಹದಿಮೂರು ಅಂಗಿ. ತಲಾ ಮೂರು ಅಳತೆ: ಎದೆ, ಸೊಂಟ, ಉದ್ದ. ಅಂಕಿಗಳು ಒಂದೇ ಸಾಲಿನಲ್ಲಿ, ನಡುವೆ ಗೆರೆಯಿಲ್ಲ. ಎರಡನೆಯವನಾದ ಕೊಳಲಿನವನ ಸೊಂಟ ಬಿಟ್ಟುಹೋಯಿತು. ಅಲ್ಲಿಂದಾಚೆ ಎಲ್ಲ ಅಂಕಿಗಳೂ ಒಂದೊಂದು ಮನೆ ಜರುಗಿದವು. ಮೂರನೆಯವನಾದ ಡೋಲಿನವನ ಎದೆ ಕೊಳಲಿನವನ ಉದ್ದವಾಗಿ, ಅಂಗಿ ಮೊಣಕಾಲು ಮುಟ್ಟಿತು. ಡೋಲಿನವನ ಉದ್ದವೇ ಅವನ ಸೊಂಟವಾಗಿ, ಹೊಟ್ಟೆಯ ಮೇಲೆ ಗುಂಡಿ ಸೇರಲಿಲ್ಲ. ಗೋಡೆಯ ಮೇಲೆ ಯಜಮಾನರ ಬೋರ್ಡು ಬೇರೆ: 'ಚೀಟಿಯಂತೆ ಹೊಲಿಯಿರಿ. ತಲೆ ಓಡಿಸಬೇಡಿ.'
ತಪ್ಪು ಯಾರದು? ಹೊಲಿಗೆಯವಳು ಸರಿಯಾಗಿ ಓದಲಿಲ್ಲ, ಅಷ್ಟೇ.

೪
"ಅಕ್ಕಾ, ಪೆನ್ನು ಕೆಳಗಿಡು," ಎಂದಳು ರೈಬೋಸೋಮ್.
"ಕಥೆಗಾರ್ತಿ ಬರೀವಾಗ ಪಾತ್ರ ಬಾಯಿ ಹಾಕಬಾರದು."
"ಅಂಗಡೀಲೂ ನನ್ನ ಬಾಯಿ ಮುಚ್ಚಿಸಿದ್ರು. ಚೀಟೀಲಿ ಇದ್ದ ಹಾಗೇ ಹೊಲಿದೆ ನಾನು. ನಕಲು ಮಾಡಿದ್ದು ಯಾರು?"
"ಯಾರೋ ಗುಮಾಸ್ತೆ."
"ಯಾರೋ ಅಂತೆ! ಆಗತಾನೇ ಅಕ್ಷರ ಕಲಿತು, ಕಿವಿಗೆ ಪೆನ್ಸಿಲ್ ಸಿಕ್ಕಿಸ್ಕೊಂಡು ಮೆರೀತಿದ್ದಳಲ್ಲ, ಅವಳು. ಚೀಟಿ ಎಲ್ಲಿ ಹೋಯ್ತು, ಅದನ್ನಾದ್ರೂ ಹೇಳು."
"ಕೆಲಸ ಮುಗಿದ ಚೀಟೀನ ಜೀವಕೋಶ ಚೂರುಚೂರು ಮಾಡುತ್ತೆ ಕಣೇ. ಅದು ವಿಜ್ಞಾನ."
"ಅಬ್ಬಾ, ವಿಜ್ಞಾನ!"

(ಓದುಗರೇ, ಆ ಗುಮಾಸ್ತೆ ನಾನೇ. ಚೀಟಿ ಹರಿದದ್ದೂ ನಾನೇ. ಅದರಂತೆ ಹೊಲಿದು ಕೆಲಸ ಕಳೆದುಕೊಂಡದ್ದು ನನ್ನ ಒಡಹುಟ್ಟಿದ ತಂಗಿ. ಮನೆ ಬಿಟ್ಟು ಹೋಗಿ ಹನ್ನೊಂದು ವರ್ಷ. 'ತಪ್ಪು ನನ್ನದು' ಎಂದು ಅವಳಿಗೆ ಬರೆದ ಕಾಗದ ಮಷಿನ್ನಿನ ಡ್ರಾಯರಿನಲ್ಲಿದೆ. ಕೊನೆಗೊಂದು ಒಳ್ಳೆಯ ವಾಕ್ಯ ಸಿಗದೆ ಕಳಿಸಿಲ್ಲ.)

೫
ಮುಕ್ತಾಯ ಒಂದು: ತಂಗಿ ಓಡಿಬಂದು ತಬ್ಬಿಕೊಂಡಳು. (ಸಿನಿಮಾ.)
ಮುಕ್ತಾಯ ಎರಡು: ಯಜಮಾನರು ಕ್ಷಮೆ ಕೇಳಿದರು. (ನೀವು ನಗುವ ಮೊದಲೇ ನಾನು ನಕ್ಕೆ.)

೬
ಒಂದು ಹೇಳುವುದು ಮರೆತಿದ್ದೆ. ಚೀಟಿಯಲ್ಲಿ ಕಟ್ಟಕಡೆಗೆ ಮೂರು ಅಕ್ಷರ ಬರುತ್ತವೆ. ಅವಕ್ಕೆ ಯಾವ ಅಮೈನೋ ಆಮ್ಲವೂ ಇಲ್ಲ; ಚಂದದ ಮಾತೂ ಇಲ್ಲ, ನೀತಿಯೂ ಇಲ್ಲ. ನಿಲ್ಲಿಸು, ಅಷ್ಟೇ. ಹೊಲಿಗೆಯವಳು ಕೈಬಿಡುತ್ತಾಳೆ. ಸರ ತೇಲಿಹೋಗಿ ತನ್ನಷ್ಟಕ್ಕೆ ಮಡಚಿಕೊಳ್ಳುತ್ತದೆ. ನಕಲು ಮಾಡಿದವಳನ್ನು ಯಾರೂ ಕೇಳುವುದಿಲ್ಲ.

ಡ್ರಾಯರು ಎಳೆದೆ. ಕಾಗದಕ್ಕೆ ಒಂದಕ್ಷರವನ್ನೂ ಸೇರಿಸಲಿಲ್ಲ. ಲಕೋಟೆಗೆ ಅಂಟು ಹಚ್ಚಿ, ಬೀದಿ ತಿರುವಿನ ಅಂಚೆಪೆಟ್ಟಿಗೆಯವರೆಗೆ ನಡೆದು, ಒಳಗೆ ಬಿಟ್ಟೆ. ತಳ ಮುಟ್ಟಿದ ಸದ್ದೂ ಕೇಳಿಸಲಿಲ್ಲ.

"ಆಮೇಲೆ?" ಎಂದಳು ರೈಬೋಸೋಮ್.
"ನನ್ನನ್ನೇನು ಕೇಳ್ತೀಯೇ? ಚೀಟಿ ಈಗ ನನ್ನ ಕೈಲಿಲ್ಲ."