ಮೂವತ್ತಮೂರನೇ ಪುಟ

"ನಿನಗೆ ಓದೋಕೆ ಬರಲ್ಲ ತಾನೇ? ಅದಕ್ಕೇ ಈ ಕೆಲ್ಸ ನಿನಗೆ. ಹರಿ, ಮುಂಡೇದೇ!"

ಆಗಷ್ಟೇ ಅಚ್ಚಾಗಿ ಬಂದಿದ್ದ ಕಾಲೇಜಿನ ಸಾಹಿತ್ಯ ಪತ್ರಿಕೆಯ ಕಟ್ಟುಗಳನ್ನು ಪ್ರಿನ್ಸಿಪಾಲರು ಅಮ್ಮನತ್ತ ಒದ್ದರು. ಅಮ್ಮ ಅಲ್ಲಿ ಕಕ್ಕಸು ತೊಳೆಯುವವಳು. ನಾನು ಅಲ್ಲೇ ಕೊನೆಯ ವರ್ಷದಲ್ಲಿದ್ದೆ.

"ಮೂವತ್ತಮೂರನೇ ಪುಟ ಒಂದರಲ್ಲೂ ಉಳೀಬಾರ್ದು. ಹೆಸರು ಹಾಕದೆ ಬರೆದಿದಾನೆ, ಹೇಡಿ ನನ್ಮಗ. ಯಾರು ಅಂತ ಗೊತ್ತಾಗ್ಲಿ, ಪರೀಕ್ಷೆಗೆ ಹೇಗೆ ಕೂರ್ತಾನೋ ನೋಡ್ತೀನಿ." ನನ್ನ ಕಡೆ ತಿರುಗಿದರು. "ನಿಮ್ಮಮ್ಮಂಗೆ ಪುಟ ತೋರ್ಸು. ಹನ್ನೊಂದಕ್ಕೆ ಆಡಳಿತ ಮಂಡಳಿ ಅಧ್ಯಕ್ಷರು ಬಿಡುಗಡೆ ಮಾಡ್ತಾರೆ."

ಬರೆದವಳು ನಾನೇ.

ಮುರಿದ ಬೆಂಚುಗಳ ಕೋಣೆಯಲ್ಲಿ ಕುಳಿತೆವು. ನಾನು ಪುಟ ತೆರೆದುಕೊಡುತ್ತಿದ್ದೆ, ಅಮ್ಮ ಪರ್ರನೆ ಹರಿಯುತ್ತಿದ್ದಳು. ನಾಲ್ಕೈದು ಪ್ರತಿ ಆಗುವಷ್ಟರಲ್ಲಿ ನನಗೆ ಕಂಡಿತು. ಹಾಳೆಗಳನ್ನು ನಡುವೆ ಮಡಚಿ ಪಿನ್ನು ಹೊಡೆದ ಪುಸ್ತಕ ಅದು. ಹಿಂಭಾಗದ ಹಾಳೆಯನ್ನು ಬುಡಸಮೇತ ಕಿತ್ತರೆ ಮುಂಭಾಗದಲ್ಲಿರುವ ಅದರ ಜೋಡಿಗೆ ಹಿಡಿತವೇ ಇರುವುದಿಲ್ಲ. ಜೋಡಿಯೆಂದರೆ ಮೂರನೇ ಪುಟ. ಪ್ರಿನ್ಸಿಪಾಲರ ಫೋಟೊ, ಸಂದೇಶ.

"ಅಮ್ಮಾ, ನಿಲ್ಸು! ಅಂಚು ಬಿಟ್ಟು ಹರಿ. ಇಲ್ದಿದ್ರೆ ಸಾಹೇಬ್ರ ಫೋಟೊ ಉದುರತ್ತೆ. ನಿನ್ ಕೆಲ್ಸ ಹೋಗತ್ತೆ."

"ಅಂಥದ್ದೇನೇ ಬರೆದಿದೆ ಇದ್ರಲ್ಲಿ? ಓದು."

"ಬೇಡಮ್ಮಾ."

"ಓದೇ, ಬಾಯಿಗೇನು ಬೀಗ ಹಾಕಿದಾರಾ?"

ಬಾಗಿಲ ಕಡೆ ನೋಡುತ್ತ ಪಿಸುದನಿಯಲ್ಲಿ ಓದಿದೆ: 'ಇಲ್ಲಿ ಇಪ್ಪತ್ತು ವರ್ಷದಿಂದ ಕಕ್ಕಸು ತೊಳೆಯುವವಳು ಅದೇ ಕಕ್ಕಸಿಗೆ ಹೋಗುವಂತಿಲ್ಲ. ತಡೆಹಿಡಿದುಕೊಂಡು ರೈಲುಹಳಿಯ ಪೊದೆಯವರೆಗೆ ಓಡುತ್ತಾಳೆ.'

ಅಮ್ಮ ನನ್ನ ಮುಖ ನೋಡಲಿಲ್ಲ.

"ಓಡೋದನ್ನೂ ಬರೆದಿದೀಯಲ್ಲೇ, ಮಾನಗೆಟ್ಟವಳೇ."

ಆಮೇಲೆ ಮುಂದಿನ ಪ್ರತಿಯನ್ನು ಎಳೆದುಕೊಂಡಳು. ಅಂಚು ಬಿಡಲಿಲ್ಲ. ಬುಡಕ್ಕೇ ಕೈಹಾಕಿ ಕಿತ್ತಳು.

ಹನ್ನೊಂದಕ್ಕೆ ಸಭಾಂಗಣ ತುಂಬಿತ್ತು. ಅಧ್ಯಕ್ಷರು ಪತ್ರಿಕೆಯನ್ನು ಎತ್ತಿ ಬಿಡಿಸಿ ತೋರಿಸಿದರು. ಮೂರನೇ ಪುಟ ಜಾರಿ ಅವರ ಬೂಟಿನ ಮೇಲೆ ಬಿತ್ತು. ಮುಂದಿನ ಸಾಲಿನಲ್ಲಿ ಇನ್ನೊಂದು. ಅದರ ಹಿಂದೆ ಮತ್ತೊಂದು. ಫ್ಯಾನಿನ ಗಾಳಿಗೆ ಪ್ರಿನ್ಸಿಪಾಲರ ನಗುಮುಖ ಕುರ್ಚಿಗಳ ಕೆಳಗೆಲ್ಲ ಹೊರಳಾಡಿತು. ಯಾರೂ ನಗಲಿಲ್ಲ. ಪ್ರಿನ್ಸಿಪಾಲರು ನಿಧಾನವಾಗಿ ಬಾಗಿಲ ಕಡೆ ತಿರುಗಿದರು.

ಅಲ್ಲಿ ಅಮ್ಮ ಪೊರಕೆ ಹಿಡಿದು ನಿಂತಿದ್ದಳು.

"ಗುಡಿಸ್ಲಾ, ಸಾರ್?"